ಇಂಗ್ಲೆಂಡಿನ ಹಿತ್ತಲಿನಲ್ಲಿ ದಾಸವಾಳ: ನಾಲ್ಕು ಗಿಡ ಬೆಳೆಸಿ ನೋಡಿದ ಹೋಲಿಕೆ

ಇಂಗ್ಲೆಂಡಿಗೆ ಬಂದು ಸಣ್ಣದೊಂದು ಹಿತ್ತಲಿರುವ ಮನೆ ಹಿಡಿದ ಕನ್ನಡದವರು ಬೇಗನೆ ಕೇಳುವ ಪ್ರಶ್ನೆ ಇದು: ಇಲ್ಲಿ ದಾಸವಾಳ ಬರುತ್ತಾ? ಬರುತ್ತದೆ. ಆದರೆ ಯಾವ ದಾಸವಾಳ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಗಾರ್ಡನ್ ಸೆಂಟರಿಗೆ ಹೋಗಿ ಹೈಬಿಸ್ಕಸ್ ಅಂತ ಹುಡುಕಿದರೆ ಮೂರು ಕಡೆ ಮೂರು ಬೇರೆ ಗಿಡ ಸಿಗುತ್ತವೆ. ಮನೆಯೊಳಗಿನ ಗಿಡಗಳ ಹತ್ತಿರ ನಮ್ಮೂರಿನ ದಾಸವಾಳ, ಅಂದರೆ ಹೈಬಿಸ್ಕಸ್ ರೋಸಾ ಸೈನೆನ್ಸಿಸ್. ಪೊದೆಗಳ ಸಾಲಿನಲ್ಲಿ ಹೈಬಿಸ್ಕಸ್ ಸಿರಿಯಾಕಸ್. ಚಳಿಗಾಲದಲ್ಲಿ ನೆಲಮಟ್ಟಕ್ಕೆ ಒಣಗಿ ಮತ್ತೆ ಚಿಗುರುವ ಗಿಡಗಳ ಮಧ್ಯೆ, ಅದೃಷ್ಟ ಇದ್ದರೆ, ಹೈಬಿಸ್ಕಸ್ ಮೊಶೂಟೋಸ್. ಇವುಗಳ ಜೊತೆಗೆ ನಾಲ್ಕನೆಯದನ್ನು ನಾನೇ ಸೇರಿಸಿದ್ದೇನೆ: ಅಬುಟಿಲಾನ್. ಅದು ದಾಸವಾಳ ಅಲ್ಲ, ಆದರೆ ಅದೇ ಕುಟುಂಬದ ಗಿಡ. ಬೆಂಡೆ, ಹತ್ತಿ, ಪುಂಡಿಸೊಪ್ಪು ಎಲ್ಲ ಇದೇ ಕುಟುಂಬದವು. ನಮ್ಮ ಹೊಲದ ಬದುಗಳಲ್ಲಿ ಹಳದಿ ಹೂ ಬಿಡುವ ಶ್ರೀಮುದ್ರೆ ಗಿಡವೂ ಒಂದು ಅಬುಟಿಲಾನೇ.

ನಮ್ಮ ಮನೆ ಇರುವುದು ಇಂಗ್ಲೆಂಡಿನ ನಡುಭಾಗದಲ್ಲಿ, ಈಸ್ಟ್ ಮಿಡ್‌ಲ್ಯಾಂಡ್ಸಿನಲ್ಲಿ. ಮಣ್ಣು ಜಿಗುಟು ಜೇಡಿ. ಮಳೆಗಾಲ ಅಂತ ಬೇರೆ ಇಲ್ಲ, ವರ್ಷವಿಡೀ ಅಷ್ಟಷ್ಟು ಮಳೆ. ಮೇ ಮಧ್ಯದವರೆಗೂ ರಾತ್ರಿ ಫ್ರಾಸ್ಟ್, ಅಂದರೆ ಎಲೆ-ನೆಲದ ಮೇಲೆ ಹೆಪ್ಪುಗಟ್ಟುವ ಮಂಜು, ಬೀಳುವ ಭಯ. ಹಿತ್ತಲಿನಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಒಂದು ಇಟ್ಟಿಗೆ ಗೋಡೆ ಇದೆ. ಬಿಸಿಲು ಹೀರಿಕೊಂಡು ರಾತ್ರಿಯೂ ಸ್ವಲ್ಪ ಬೆಚ್ಚಗಿರುವ ಈ ಗೋಡೆಯ ಬುಡವೇ ನಮ್ಮ ಹಿತ್ತಲಿನ ಅತ್ಯಂತ ಬೆಲೆಬಾಳುವ ಜಾಗ.

ನಾಲ್ಕನ್ನೂ ಬೆಳೆಸಿದ ಮೇಲೆ ನನಗೆ ಮನದಟ್ಟಾದ ಒಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ತಣ್ಣನೆಯ ದೇಶದಲ್ಲಿ ಗಿಡ ಕೊಳ್ಳುವಾಗ ಎಲ್ಲರೂ ಕೇಳುವುದು 'ಇದು ಎಷ್ಟು ಚಳಿ ತಡೆಯುತ್ತದೆ?' ಅಂತ. ಲೇಬಲ್ ಮೇಲೂ ಅದೇ ಇರುತ್ತದೆ. ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ಇದು ಹೂ ಬಿಡಲು ಎಷ್ಟು ಬಿಸಿ ಬೇಕು? 2025ರ ಬೇಸಿಗೆ ಬ್ರಿಟನ್ನಿನ ದಾಖಲೆಯಲ್ಲೇ ಅತಿ ಬಿಸಿಯಾದ ಬೇಸಿಗೆ. ಆಗ ಹಗಲು ರಾತ್ರಿ ಸೇರಿಸಿ ಇಡೀ ದೇಶದ ಸರಾಸರಿ 16.1 ಡಿಗ್ರಿ. ಬೆಂಗಳೂರಿನಲ್ಲಿ ಡಿಸೆಂಬರ್ ತಿಂಗಳ ಸರಾಸರಿಯೇ ಇದಕ್ಕಿಂತ ನಾಲ್ಕೈದು ಡಿಗ್ರಿ ಜಾಸ್ತಿ. ಅಂದರೆ ಇಲ್ಲಿನ ದಾಖಲೆ ಬೇಸಿಗೆ ನಮ್ಮ ಚಳಿಗಾಲಕ್ಕಿಂತ ತಂಪು. ದಾಸವಾಳದ ಜಾತಿಗೆ ಇದು ಸಣ್ಣ ವಿಷಯ ಅಲ್ಲ.

ಮೊಶೂಟೋಸ್: ಚಳಿಗೆ ಜಗ್ಗುವುದಿಲ್ಲ, ಆದರೆ...

ಈ ಮಾತಿಗೆ ಸಾಕ್ಷಿ ಮೊಶೂಟೋಸ್. ಆದ್ದರಿಂದ ಅದರಿಂದಲೇ ಶುರು ಮಾಡುತ್ತೇನೆ. ಇದರ ತವರು ಅಮೆರಿಕದ ಪೂರ್ವ ಭಾಗದ ಜೌಗು ನೆಲ. ಅಲ್ಲಿ ಚಳಿಗಾಲದಲ್ಲಿ ಮೈನಸ್ 20-25 ಡಿಗ್ರಿ ಆದರೂ ಬೇರು ಬದುಕುತ್ತದೆ. ಹೂವಂತೂ 20ರಿಂದ 25 ಸೆಂಟಿಮೀಟರ್ ಅಗಲ, ಸರಿಯಾಗಿ ಒಂದು ಊಟದ ತಟ್ಟೆ. ಕಡು ಕೆಂಪು ಬಣ್ಣದಲ್ಲೂ ಸಿಗುತ್ತದೆ. ಚಳಿ ತಡೆಯುತ್ತದೆ, ಕೆಂಪಗಿದೆ, ದೊಡ್ಡದಾಗಿದೆ. ಕಾಗದದ ಮೇಲೆ ನೋಡಿದರೆ ನಾಲ್ಕರಲ್ಲಿ ಇದೇ ಗೆಲ್ಲಬೇಕು.

2021ರಲ್ಲಿ ನೆಟ್ಟೆ. ಮರುವರ್ಷ ಜುಲೈ 19ರಂದು ಲಿಂಕನ್‌ಷೈರಿನ ಕೋನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ಬಿಸಿಲು ದಾಖಲಾಯಿತು. ಬ್ರಿಟನ್ನಿನಲ್ಲಿ 40 ದಾಟಿದ್ದು ಅದೇ ಮೊದಲ ಸಲ. ಹಿತ್ತಲ ಹುಲ್ಲೆಲ್ಲ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ಬೇರೆ ಗಿಡಗಳು ತಲೆ ತಗ್ಗಿಸಿ ನಿಂತಿದ್ದರೆ ಮೊಶೂಟೋಸ್ ಮಾತ್ರ ದಿನಕ್ಕೊಂದು ಎರಡು ಅಂತ ಆಗಸ್ಟ್ ಪೂರ್ತಿ ಅರಳಿತು. ದಿನಾ ಸಂಜೆ ಬಕೆಟ್ ನೀರು ಹಾಕುತ್ತಿದ್ದೆ, ಜೌಗಿನ ಗಿಡ ಅಲ್ವಾ. ದಾರಿಯಲ್ಲಿ ಹೋಗುವವರು ನಿಂತು ಅದರ ಹೆಸರು ಕೇಳುತ್ತಿದ್ದರು.

2024ರ ಬೇಸಿಗೆ ಅದಕ್ಕೆ ಪೂರ್ತಿ ಉಲ್ಟಾ. 2015ರ ನಂತರ ಅಷ್ಟು ತಣ್ಣನೆಯ ಬೇಸಿಗೆ ಬಂದಿರಲಿಲ್ಲ. ಗಿಡ ನೆಲದಿಂದ ಮೇಲೆ ಬಂದದ್ದೇ ಜೂನ್ ತಿಂಗಳಲ್ಲಿ. ಎಳೆ ಚಿಗುರು ಕಂಡ ತಕ್ಷಣ ಚಿಪ್ಪಿಲ್ಲದ ಬಸವನಹುಳುಗಳಾದ ಸ್ಲಗ್‌ಗಳು ಮೇಯ್ದವು. ಉಳಿದ ಕಡ್ಡಿಗಳು ನಿಧಾನಕ್ಕೆ ಸೊಂಟದೆತ್ತರ ಬೆಳೆದವು. ಸೆಪ್ಟೆಂಬರ್ ಕೊನೆಗೆ ದಪ್ಪ ದಪ್ಪ ಮೊಗ್ಗು ಬಂತು. ಒಂದೂ ಅರಳಲಿಲ್ಲ. ಅಕ್ಟೋಬರ್ ಮಳೆಗೆ ಮೊಗ್ಗುಗಳು ಹಾಗೇ ಕೊಳೆತು ಬಿದ್ದವು. 2025ರಲ್ಲಿ ಬಿಸಿಲು ಬಂತು, ಮತ್ತೆ ಚೆನ್ನಾಗಿ ಹೂ ಬಿಟ್ಟಿತು. ಗಿಡಕ್ಕೆ ಯಾವ ಚಳಿಗಾಲದಲ್ಲೂ ಏನೂ ಆಗಿಲ್ಲ. 2022ರ ಡಿಸೆಂಬರಿನಲ್ಲಿ ಹತ್ತು ದಿನ ಬಿಡದೆ ಹಿಡಿದ ಚಳಿಗೂ ಅದು ಕೇರ್ ಮಾಡಲಿಲ್ಲ. ಅದನ್ನು ಸೋಲಿಸುವುದು ಇಲ್ಲಿನ ಜುಲೈ ತಿಂಗಳು, ಜನವರಿ ಅಲ್ಲ.

ಲಂಡನ್ ಕಡೆ, ಕೆಂಟ್, ಎಸೆಕ್ಸ್ ಕಡೆ ಇರುವವರು ಧೈರ್ಯವಾಗಿ ನೆಡಬಹುದು. ಅಲ್ಲಿ ಬೇಸಿಗೆ ನಮಗಿಂತ ಬೆಚ್ಚಗೆ. ಮ್ಯಾಂಚೆಸ್ಟರ್ ದಾಟಿ ಮೇಲೆ ಹೋದರೆ ನಾನಂತೂ ಶಿಫಾರಸು ಮಾಡುವುದಿಲ್ಲ, ಸ್ಕಾಟ್ಲೆಂಡ್ ಮಾತೇ ಬೇಡ.

ಸಿರಿಯಾಕಸ್: ತಡವಾಗಿ ಬಂದರೂ ತಪ್ಪದೆ ಬರುವುದು

ಇದು ದಕ್ಷಿಣ ಕೊರಿಯಾದ ರಾಷ್ಟ್ರೀಯ ಹೂ. ಮೈನಸ್ 10-15 ಡಿಗ್ರಿವರೆಗೆ ಏನೂ ಹೊದಿಸದೆ ನಿಲ್ಲುತ್ತದೆ. ಎರಡರಿಂದ ಮೂರು ಮೀಟರ್ ಎತ್ತರದ ಗಟ್ಟಿ ಪೊದೆ. ಹೂವಿನ ಆಕಾರ ನೋಡಿದರೆ ದಾಸವಾಳವೇ: ಐದು ಎಸಳು, ನಡುವೆ ಪುಡಿ ಮೆತ್ತಿದ ಉದ್ದ ಕೇಸರದ ಕಂಬ. ಆದರೆ ಅಳತೆ ಚಿಕ್ಕದು, ಆರೇಳು ಸೆಂಟಿಮೀಟರ್. ಕಂಬವೂ ಮೋಟು, ನಮ್ಮ ದಾಸವಾಳದ ಹಾಗೆ ಹೊರಕ್ಕೆ ಚಾಚಿಕೊಂಡಿರುವುದಿಲ್ಲ. ವಿಡಿಯೋ ಕಾಲ್‌ನಲ್ಲಿ ತೋರಿಸಿದಾಗ ಅಮ್ಮ ಅಂದದ್ದು: 'ಚೆನ್ನಾಗಿದೆ ಮಗ, ಆದ್ರೆ ಇದು ದಾಸವಾಳದ ತಂಗಿ ಇರ್ಬೇಕು.'

ಇದರಲ್ಲಿ ಎರಡು ತಳಿ ಹಾಕಿದ್ದೇನೆ. ಒಂದು 'ಓಯ್ಸೋ ಬ್ಲ್ಯೂ', ನೀಲಿ-ನೇರಳೆ ಬಣ್ಣ, ಇಲ್ಲಿ ಬ್ಲೂ ಬರ್ಡ್ ಅಂತಲೂ ಮಾರುತ್ತಾರೆ. ಇನ್ನೊಂದು 'ರೆಡ್ ಹಾರ್ಟ್', ಬಿಳಿ ಹೂವಿನ ನಡುವೆ ಕಡು ಕೆಂಪು ಕಣ್ಣು. ಮೊದಲನೆಯದು ಗೋಡೆ ಪಕ್ಕ, ಎರಡನೆಯದು ಬಯಲಲ್ಲಿ. ಗೋಡೆ ಪಕ್ಕದ್ದು ಪ್ರತಿ ವರ್ಷವೂ ಮೊದಲು ಅರಳುತ್ತದೆ, ಹೂವೂ ಜಾಸ್ತಿ. ಬಯಲಿನದ್ದು ಅದರ ಹಿಂದೆ ಹಿಂದೆಯೇ ಬರುತ್ತದೆ. ಆದರೆ ಎರಡೂ ಒಂದು ವರ್ಷವೂ ಕೈಕೊಟ್ಟಿಲ್ಲ, 2024ರಲ್ಲೂ.

ಇದರ ಒಂದು ಸ್ವಭಾವ ಗೊತ್ತಿರಲೇಬೇಕು. ಏಪ್ರಿಲ್‌ನಲ್ಲಿ ಎಲ್ಲ ಗಿಡ ಹಸಿರಾದರೂ ಇದು ಒಣ ಕಡ್ಡಿಯಾಗೇ ನಿಂತಿರುತ್ತದೆ. ಮೇ ಬಂದರೂ ಅಷ್ಟೇ. ಕೆಲವು ವರ್ಷ ಎಲೆ ಪೂರ್ತಿ ಬಿಡುವಾಗ ಜೂನ್ ಆಗಿರುತ್ತದೆ. ಸತ್ತೇಹೋಯಿತು ಅಂದುಕೊಂಡು ಎಷ್ಟೋ ಜನ ಕಿತ್ತು ಬಿಸಾಡುತ್ತಾರೆ. ಉಗುರಿನಿಂದ ಸಿಪ್ಪೆ ಸ್ವಲ್ಪ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಸುಮ್ನೆ ಕಾಯಿರಿ. ಹೂ ಬರುವುದು ಆ ವರ್ಷದ ಹೊಸ ಚಿಗುರಿನಲ್ಲಿ. ಆದ್ದರಿಂದ ಸವರುವುದಿದ್ದರೆ ಮಾರ್ಚ್‌ನಲ್ಲೇ ಸವರಬೇಕು. ಬೇಸಿಗೆಯಲ್ಲಿ ಕತ್ತರಿ ಹಾಕಿದರೆ ಆ ವರ್ಷದ ಹೂ ಹೋದ ಹಾಗೆ.

ಅರಳುವುದು ಆಗಸ್ಟ್ ಎರಡನೇ ವಾರದ ನಂತರ. ಅಲ್ಲಿಂದ ಅಕ್ಟೋಬರ್‌ವರೆಗೆ. ಗಣೇಶ ಚೌತಿ 2024ರಲ್ಲಿ ಸೆಪ್ಟೆಂಬರ್ 7ಕ್ಕೆ ಬಂತು, 2025ರಲ್ಲಿ ಆಗಸ್ಟ್ 27ಕ್ಕೆ. ಎರಡು ವರ್ಷವೂ ನಮ್ಮ ಗಣಪತಿಗೆ ಹಿತ್ತಲಿನ ಹೂವೇ ಸಿಕ್ಕಿತು. ಹೂ ಒಂದು ದಿನದ್ದು. ತಂಪಿದ್ದರೆ ಮರುದಿನವೂ ನಿಲ್ಲುತ್ತದೆ. ದುಂಬಿಗಳು, ಅದರಲ್ಲೂ ಇಲ್ಲಿನ ದಪ್ಪ ಬಂಬಲ್‌ಬೀಗಳು, ಮೈಯೆಲ್ಲ ಬಿಳಿ ಪರಾಗ ಮೆತ್ತಿಕೊಂಡು ಒಳಗಿಂದ ಹೊರಗೆ ಬರುವುದನ್ನು ನೋಡುವುದೇ ಒಂದು ಮಜಾ.

ಕೊರತೆ ಇಲ್ಲವೇ? ಇದೆ. ಅಪ್ಪಟ ಕೆಂಪು ಬಣ್ಣ ಇದರಲ್ಲಿ ಇಲ್ಲ. 'ರೆಡ್' ಅಂತ ಲೇಬಲ್ ಇದ್ದರೂ ಅರಳಿದ ಮೇಲೆ ಅದು ಗಾಢ ಗುಲಾಬಿಯೇ. ಇನ್ನು ಬಹಳ ಎಸಳಿನ ತಳಿಗಳಿಂದ ದೂರ ಇರಿ. ಮಳೆ ಹಿಡಿದರೆ ಆ ಮೊಗ್ಗು ಬಿಚ್ಚಿಕೊಳ್ಳುವುದೇ ಇಲ್ಲ, ಒದ್ದೆ ಹತ್ತಿಯುಂಡೆಯಾಗಿ ಉದುರುತ್ತದೆ. ಐದೆಸಳಿನದ್ದೇ ಇಲ್ಲಿನ ಹವೆಗೆ ಸರಿ.

ನಮ್ಮೂರ ದಾಸವಾಳ: ಕುಂಡದಲ್ಲಿ, ಹೊರಗೂ ಒಳಗೂ

ಕೆಂಪು ದಾಸವಾಳವೇ ಬೇಕು, ದೇವಿಗೆ ಏರಿಸಬೇಕು, ತಲೆಗೆ ಹಚ್ಚಲು ಎಲೆಯ ಲೋಳೆ ತೆಗೆಯಬೇಕು ಅನ್ನುವವರಿಗೆ ಬೇರೆ ದಾರಿ ಇಲ್ಲ. ಇದನ್ನೇ ಸಾಕಬೇಕು. ಬೆಳೆಸುವುದು ಅನ್ನುವುದಕ್ಕಿಂತ ಸಾಕುವುದು ಅನ್ನುವುದೇ ಸರಿ.

ಊರಿಂದ ಒಂದು ಕಡ್ಡಿ ಒದ್ದೆ ಬಟ್ಟೆಯಲ್ಲಿ ಸುತ್ತಿ ತರೋಣ ಅನ್ನುವ ಆಸೆ ಎಲ್ಲರಿಗೂ ಇರುತ್ತದೆ. ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ನೆಡುವ ಗಿಡ, ಕಡ್ಡಿ ಯಾವುದನ್ನೂ ಇಲ್ಲಿಗೆ ತರುವ ಹಾಗಿಲ್ಲ. ಹಾಗಾಗಿ ಇಲ್ಲೇ ಕೊಂಡೆ. ಅಂಗಡಿಯಲ್ಲಿ ಗಿಡ ಗಿಡ್ಡಗೆ, ಗುಂಡಗೆ, ಮೈತುಂಬ ಹೂವಿನೊಂದಿಗೆ ಇರುತ್ತದೆ. ಎತ್ತರ ಬೆಳೆಯದ ಹಾಗೆ ಮದ್ದು ಹಾಕಿ ತಯಾರು ಮಾಡಿದ ಗಿಡಗಳೇ ಜಾಸ್ತಿ. ಮನೆಗೆ ತಂದು ಆ ಮದ್ದಿನ ಪ್ರಭಾವ ಇಳಿದ ಮೇಲೆ ಗಿಡ ತನ್ನ ನಿಜವಾದ ರೂಪಕ್ಕೆ ಬಂದು ಉದ್ದುದ್ದ ರೆಂಬೆ ಹೊಡೆಯುತ್ತದೆ. ಗಾಬರಿ ಬೇಡ, ಅದು ರೋಗ ಅಲ್ಲ.

ಇದರ ಗೆರೆ 10 ಡಿಗ್ರಿ. ರಾತ್ರಿ ಅದಕ್ಕಿಂತ ಕೆಳಗೆ ಹೋದರೆ ಎಲೆ ಹಳದಿಯಾಗಿ ಉದುರಲು ಶುರು. ಫ್ರಾಸ್ಟ್ ತಗುಲಿದರೆ ಕಥೆ ಮುಗಿಯಿತು. ನಮ್ಮ ಕಡೆ ರಾತ್ರಿಗಳು ನಂಬಿಕೆಯಿಂದ 10ರ ಮೇಲೆ ಇರುವುದು ಜೂನ್ ಮಧ್ಯದಿಂದ ಸೆಪ್ಟೆಂಬರ್ ಮೊದಲ ಭಾಗದವರೆಗೆ. ಆ ಮೂರು ತಿಂಗಳು ಕುಂಡ ಹೊರಗೆ, ಗೋಡೆಯ ಬುಡದಲ್ಲಿ. ಜೂನ್‌ನಲ್ಲಿ ಹದಿನಾರು ಗಂಟೆಗೂ ಮೇಲೆ ಬೆಳಕಿರುವುದರಿಂದ ಗಿಡ ಚೆನ್ನಾಗಿಯೇ ಬೆಳೆಯುತ್ತದೆ. ವಾರಕ್ಕೊಮ್ಮೆ ಟೊಮೆಟೊ ಗಿಡಕ್ಕೆ ಹಾಕುವ ದ್ರವ ಗೊಬ್ಬರ ಕೊಡುತ್ತೇನೆ. ಅದರಲ್ಲಿ ಪೊಟ್ಯಾಶ್ ಜಾಸ್ತಿ ಇರುತ್ತದೆ, ದಾಸವಾಳಕ್ಕೆ ಬೇಕಾದದ್ದೂ ಅದೇ.

ಕಷ್ಟ ಶುರುವಾಗುವುದು ಒಳಗೆ ತಂದ ಮೇಲೆ. ಜಾಗ ಬದಲಾದ ಸಿಟ್ಟಿಗೆ ಮೊದಲು ಮೊಗ್ಗು ಉದುರುತ್ತದೆ. ದುರದೃಷ್ಟಕ್ಕೆ ನವರಾತ್ರಿ ಬರುವುದೂ ಅದೇ ಹೊತ್ತಿಗೆ. ಕೆಂಪು ಹೂ ಬೇಕಾದ ಒಂಬತ್ತು ದಿನವೂ ಗಿಡ ಬೋಳು ನಿಂತಿರುತ್ತದೆ. ಇದಕ್ಕೆ ಕಂಡುಕೊಂಡ ಉಪಾಯ ಒಂದೇ: ಚಳಿಗೆ ಕಾಯದೆ ಆಗಸ್ಟ್ ಕೊನೆಯಿಂದಲೇ ರಾತ್ರಿ ಒಳಗೆ, ಹಗಲು ಹೊರಗೆ ಅಂತ ರೂಢಿ ಮಾಡಿಸುವುದು. ಹೀಗೆ ಮಾಡಿದ ವರ್ಷ ಅಷ್ಟೋ ಇಷ್ಟೋ ಹೂ ಸಿಕ್ಕಿದೆ. ಹೊತ್ತು ಹೊತ್ತು ಸೊಂಟ ಹಿಡಿದದ್ದು ಬೇರೆ ವಿಷಯ. ಮಣ್ಣಿನ ಕುಂಡ ಬಿಟ್ಟು ಪ್ಲಾಸ್ಟಿಕ್‌ ಕುಂಡ ಹಿಡಿಯಿರಿ, ಅಡಿಯಲ್ಲಿ ಚಕ್ರದ ಹಲಗೆ ಇಡಿ.

ಚಳಿಗಾಲದಲ್ಲಿ ಎರಡು ಶತ್ರುಗಳು. ಒಂದು, ಬೆಳಕಿಲ್ಲದಿರುವುದು. ಡಿಸೆಂಬರಿನಲ್ಲಿ ಎಂಟು ಗಂಟೆಯೂ ಹಗಲಿಲ್ಲ, ಇರುವ ಹಗಲೂ ಬೂದಿ ಬಣ್ಣ. ಎರಡು, ಹೀಟಿಂಗ್. ರೇಡಿಯೇಟರ್ ಗಾಳಿಯನ್ನು ಒಣಗಿಸುತ್ತದೆ. ಒಣಗಾಳಿ ಬಂದ ಕೂಡಲೇ ಎಲೆಯ ಅಡಿಗೆ ಕೆಂಪು ನುಸಿ ಹತ್ತುತ್ತದೆ. ಎಲೆ ಮೇಲೆ ಸಣ್ಣ ಸಣ್ಣ ಮಾಸಲು ಚುಕ್ಕಿ, ರೆಂಬೆ ಸಂದಿಯಲ್ಲಿ ತೆಳ್ಳನೆ ಬಲೆ ಕಂಡರೆ ಅದೇ. ಬಿಳಿ ನೊಣ, ಹಿಟ್ಟು ತಿಗಣೆಯೂ ಬರುತ್ತವೆ. ನಾನು ವಾರಕ್ಕೊಮ್ಮೆ ಗಿಡವನ್ನು ಬಚ್ಚಲಿಗೆ ಹೊತ್ತು ಶವರ್ ಕೆಳಗೆ ನಿಲ್ಲಿಸಿ ಎಲೆಯಡಿಯನ್ನು ತೊಳೆಯುತ್ತೇನೆ. ಮದ್ದಿಗಿಂತ ಇದೇ ಚೆನ್ನಾಗಿ ಕೆಲಸ ಮಾಡಿದೆ. ನೀರು ಮಾತ್ರ ಚಳಿಗಾಲದಲ್ಲಿ ಬಹಳ ಕಮ್ಮಿ. ಕಾಂಪೋಸ್ಟಿನ ಮೇಲ್ಪದರ ಒಣಗಿದ ಮೇಲಷ್ಟೇ. ಮಾರ್ಚ್ ಬಂದಾಗ ಅರ್ಧಕ್ಕೆ ಸವರಿದರೆ ಹೊಸ ಚಿಗುರು, ಆ ಚಿಗುರಿನಲ್ಲಿ ಹೂ.

ಇಷ್ಟೆಲ್ಲ ಮಾಡಿ ವರ್ಷಕ್ಕೆ ಸಿಗುವ ಹೂ ಊರಿನಲ್ಲಿ ಬೇಲಿ ಪಕ್ಕದ ಗಿಡ ಒಂದು ವಾರಕ್ಕೆ ಕೊಡುವಷ್ಟು. ಆದರೂ ಇದನ್ನು ಬಿಟ್ಟುಕೊಡಲು ಮನಸ್ಸಿಲ್ಲ. ಬೆಳಗ್ಗೆ ಕಿಟಕಿ ಪಕ್ಕ ಕೆಂಪಗೆ ಒಂದು ಅರಳಿದ್ದರೆ, ಆ ದಿನ ಮನೆಯಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಲೆಕ್ಕಾಚಾರದಲ್ಲಿ ಸೋತ ಗಿಡಕ್ಕೆ ನಾನು ಪಕ್ಷಪಾತ ಮಾಡುತ್ತಿದ್ದೇನೆ ಅಂದರೆ ಒಪ್ಪಿಕೊಳ್ಳುತ್ತೇನೆ.

ಅಬುಟಿಲಾನ್: ಲೆಕ್ಕಕ್ಕೇ ಇಲ್ಲದಿದ್ದದ್ದು

ನಾನು ಹಾಕಿದ್ದು ಅಬುಟಿಲಾನ್ ಮೆಗಾಪೊಟಾಮಿಕಮ್. ದಕ್ಷಿಣ ಅಮೆರಿಕದ ಬ್ರೆಜಿಲ್ ಕಡೆಯದ್ದು. ಹೂ ಕೆಳಮುಖವಾಗಿ ತೂಗುತ್ತದೆ. ಮೇಲೆ ಕೆಂಪು ಬುರುಡೆ, ಅದರಿಂದ ಇಳಿಯುವ ಹಳದಿ ಎಸಳು, ತುದಿಯಲ್ಲಿ ಕಪ್ಪು ಕೇಸರ. ದಾಸವಾಳ ಅಂತ ಯಾರೂ ಅನ್ನುವುದಿಲ್ಲ. ದೇವರಿಗೆ ಏರಿಸಲೂ ಆಗದು, ಗೊಂಚಲಿಂದ ಬಿಡಿಸಿದರೆ ಅದಕ್ಕೆ ರೂಪವೇ ಇಲ್ಲ.

ಆದರೆ ಹೂ ಬಿಡುವುದರಲ್ಲಿ ಉಳಿದ ಮೂರನ್ನೂ ಸೇರಿಸಿದರೂ ಇದಕ್ಕೆ ಸಮ ಇಲ್ಲ. ಮೇ ಕೊನೆಗೆ ಶುರುವಾದರೆ ನವೆಂಬರ್‌ವರೆಗೆ ನಿಲ್ಲಿಸುವುದಿಲ್ಲ. 15-16 ಡಿಗ್ರಿಯ ಮೋಡದ ದಿನದಲ್ಲೂ ಅರಳುತ್ತದೆ, ಮಳೆಯಲ್ಲೂ ಅರಳುತ್ತದೆ. ತಲೆ ಬಗ್ಗಿಸಿದ ಹೂವಾದ್ದರಿಂದ ನೀರು ಒಳಗೆ ಇಳಿಯುವುದಿಲ್ಲ. ಒಂದೊಂದು ಹೂ ಹಲವು ದಿನ ಬಾಳುತ್ತದೆ. ತಣ್ಣನೆಯ 2024ರಲ್ಲಿ ಇದಕ್ಕೆ ಏನಾದರೂ ವ್ಯತ್ಯಾಸ ಆಯಿತೇ ಅಂದರೆ, ಹೂ ಇನ್ನಷ್ಟು ಜಾಸ್ತಿಯೇ ಬಂತು.

ದೌರ್ಬಲ್ಯ ಚಳಿಗಾಲ. ಮೊಶೂಟೋಸ್‌ಗೆ ನೇರ ವಿರುದ್ಧ. ಮೈನಸ್ ಐದರ ಆಚೆಗೆ ಇದಕ್ಕೆ ಕಷ್ಟ. 2022ರ ಡಿಸೆಂಬರಿನಲ್ಲಿ ಗೋಡೆ ಪಕ್ಕ ಇದ್ದೂ ಮೇಲಿನ ರೆಂಬೆಗಳೆಲ್ಲ ಕಪ್ಪಾದವು. ಬುಡಕ್ಕೆ ತೊಗಟೆ ಚೂರಿನ ದಪ್ಪ ಹೊದಿಕೆ ಹಾಕಿದ್ದರಿಂದ ಬೇರು ಉಳಿಯಿತು. ಮೇ ತಿಂಗಳಲ್ಲಿ ಬುಡದಿಂದ ಚಿಗುರಿ ಅದೇ ವರ್ಷ ಆಗಸ್ಟಿಗೆ ಹೂ ಕೊಟ್ಟಿತು. ಜೊತೆಗೆ ಬೇಸಿಗೆಯಲ್ಲಿ ಎರಡು ಕಡ್ಡಿ ಚುಚ್ಚಿ ಒಳಗಿಟ್ಟುಕೊಂಡಿದ್ದೆ. ಮೂರು ವಾರಕ್ಕೆಲ್ಲ ಬೇರು ಬಿಡುವ ಗಿಡ ಇದು, ಹಾಗಾಗಿ ಪೂರ್ತಿ ಕಳೆದುಕೊಳ್ಳುವ ಭಯ ಇಲ್ಲ.

ಲವಟೇರಾ, ಹಾಲಿಹಾಕ್ ಯಾಕೆ ಹೇಳಲಿಲ್ಲ ಅಂತ ಇಲ್ಲಿನ ತೋಟದವರು ಕೇಳಬಹುದು. ಎರಡೂ ಅದೇ ಕುಟುಂಬ, ಎರಡೂ ಅಗ್ಗ, ಎರಡೂ ಸುಲಭ. ಲವಟೇರಾ ಒಂದೇ ಬೇಸಿಗೆಯಲ್ಲಿ ಆಳೆತ್ತರ ಆಗಿ ಕೆಲವೇ ವರ್ಷಕ್ಕೆ ಸೊರಗುತ್ತದೆ. ಹಾಲಿಹಾಕ್ ಎಲೆಗೆ ತುಕ್ಕು ರೋಗ ಬರದ ವರ್ಷವನ್ನು ನಾನು ನೋಡಿಲ್ಲ. ಬೇಲಿ ಮುಚ್ಚಬೇಕಿದ್ದರೆ ಹಾಕಿ, ದಾಸವಾಳದ ಆಸೆಗೆ ಬೇಡ.

ಒಂದೇ ಜಾಗ ಇದ್ದರೆ

ಗೋಡೆ ಬುಡದ ಆ ಬೆಚ್ಚನೆಯ ಜಾಗ ಒಂದೇ ಇದ್ದು ನಾಲ್ಕಕ್ಕೂ ಅದೇ ಬೇಕಾದರೆ ಯಾರಿಗೆ ಕೊಡುವುದು? ನನ್ನ ಮಟ್ಟಿಗೆ ಅಬುಟಿಲಾನ್‌ಗೆ. ಸಿರಿಯಾಕಸ್ ಗೋಡೆ ಇಲ್ಲದೆಯೂ ಬಾಳುತ್ತದೆ, ಪೂರ್ತಿ ಬಿಸಿಲು ಬೀಳುವ, ನೀರು ನಿಲ್ಲದ ಬಯಲು ಸಿಕ್ಕರೆ ಸಾಕು. ನಮ್ಮ ಹಾಗೆ ಜೇಡಿ ಮಣ್ಣಿದ್ದರೆ ಗುಂಡಿಗೆ ಸಣ್ಣ ಜಲ್ಲಿ, ಕಾಂಪೋಸ್ಟ್ ಬೆರೆಸಿ ಸ್ವಲ್ಪ ಎತ್ತರಕ್ಕೆ ನೆಡಿ. ಮೊಶೂಟೋಸ್‌ಗೆ ಗೋಡೆಯ ಬಿಸಿ ಬೇಕು, ಆದರೆ ಗೋಡೆ ಬುಡ ಸದಾ ಒಣ. ಅದಕ್ಕೆ ಬೇಕಾದ ನೀರು ಅಲ್ಲಿ ನಿಲ್ಲುವುದಿಲ್ಲ. ನಾನು ಈಗ ಅದನ್ನು ದೊಡ್ಡ ಕಪ್ಪು ಟಬ್‌ಗೆ ಬದಲಾಯಿಸಿ, ಬೇಸಿಗೆಯಲ್ಲಿ ಅಡಿಗೆ ನೀರಿನ ತಟ್ಟೆ ಇಡುತ್ತಿದ್ದೇನೆ. ಕಪ್ಪು ಟಬ್ ಬಿಸಿಲಿಗೆ ಬೇಗ ಕಾಯುತ್ತದೆ, ಚಿಗುರು ಎರಡು ವಾರ ಮೊದಲೇ ಬಂತು. ಟಬ್ ಅಂಚಿಗೆ ತಾಮ್ರದ ಪಟ್ಟಿ ಸುತ್ತಿದ್ದೇನೆ, ಆದರೂ ಸ್ಲಗ್‌ಗಳನ್ನು ರಾತ್ರಿ ಟಾರ್ಚ್ ಹಿಡಿದು ಹೆಕ್ಕುವುದು ತಪ್ಪಿಲ್ಲ.

ಬಾಡಿಗೆ ಮನೆಯವರಾದರೆ ಸಿರಿಯಾಕಸ್‌ನ್ನೂ ಕುಂಡದಲ್ಲೇ ಇಡಬಹುದು. ನಲವತ್ತು ಸೆಂಟಿಮೀಟರ್ ಅಗಲದ ಕುಂಡ ಬೇಕು, ಬೇಸಿಗೆಯಲ್ಲಿ ನೀರು ತಪ್ಪಿಸುವ ಹಾಗಿಲ್ಲ. ಒಂದು ಸಲ ಬೇರು ಒಣಗಿದರೂ ಮೊಗ್ಗು ಉದುರಿಸುತ್ತದೆ.

ಕೊಳ್ಳುವ ಹೊತ್ತೂ ಒಂದೊಂದಕ್ಕೆ ಬೇರೆ. ಅಬುಟಿಲಾನ್, ಊರ ದಾಸವಾಳ ಎರಡನ್ನೂ ಮೇ ಕೊನೆಯಲ್ಲಿ ಕೊಂಡರೆ ಇಡೀ ಬೇಸಿಗೆ ಕೈಯಲ್ಲಿರುತ್ತದೆ. ಸಿರಿಯಾಕಸ್‌ನ್ನು ಮಾತ್ರ ಆಗಸ್ಟ್ ಕೊನೆಗೆ, ಹೂ ಅರಳಿದಾಗ ಹೋಗಿ ಆರಿಸಿ. ಲೇಬಲ್ಲಿನ ಚಿತ್ರಕ್ಕೂ ನಿಜವಾದ ಬಣ್ಣಕ್ಕೂ ಎಷ್ಟೋ ಸಲ ಸಂಬಂಧ ಇರುವುದಿಲ್ಲ. ಸೆಪ್ಟೆಂಬರಿನಲ್ಲಿ ಮಣ್ಣು ಇನ್ನೂ ಬೆಚ್ಚಗಿರುವಾಗಲೇ ನೆಟ್ಟರೆ ಚಳಿಗೆ ಮೊದಲು ಬೇರು ಹಿಡಿದುಕೊಳ್ಳುತ್ತದೆ. ಹೂ ಮುಗಿದ ಮೇಲೆ ಅಕ್ಟೋಬರಿನಲ್ಲಿ ಅರ್ಧ ಬೆಲೆಗೂ ಸಿಗುತ್ತದೆ, ಬಣ್ಣ ಯಾವುದಾದರೂ ಪರವಾಗಿಲ್ಲ ಅನ್ನುವವರು ಆಗ ಹೋಗಬಹುದು.